ಈತ ಯಾರ ಆಳು?

ನಮ್ಮೂರಿನ ಕಡೆ ಗದ್ದೆಯಲ್ಲಿ ಹೊಸ ಮುಖ ಕಂಡರೆ ಮೊದಲು ಕೇಳುವ ಪ್ರಶ್ನೆ "ಈತ ಯಾರ ಆಳು?" ಅಂತ. ಹೆಸರು, ಊರು ಎಲ್ಲ ಆಮೇಲೆ. ಯಾರ ಮನೆಯಿಂದ ಕೂಲಿ, ಯಾರ ಮನೆಯಲ್ಲಿ ಊಟ, ಹೆಚ್ಚುಕಮ್ಮಿ ಆದರೆ ಯಾರನ್ನು ಕೇಳಬೇಕು, ಇವಿಷ್ಟೂ ಆ ಒಂದು ಪ್ರಶ್ನೆಯಲ್ಲಿ ಬಂತು. ಬೆಂಗಳೂರಿನ ಒಂದು ಕಂಪನಿಯ ಸಂಬಳದ ವಿಭಾಗದಲ್ಲಿ ಕೂತು ಇಷ್ಟು ವರ್ಷ ನಾನು ಮಾಡಿದ್ದೂ ಹೆಚ್ಚು ಕಡಿಮೆ ಅದೇ ಪ್ರಶ್ನೆಗೆ ಉತ್ತರ ಬರೆಯುವ ಕೆಲಸ. ಆದರೆ ಇಲ್ಲಿ ಆಳು ಪರದೇಶದವನು. ಕೇಳುವ ಕಚೇರಿಗಳು ನಾಲ್ಕು: ವೀಸಾದವರು, ಆದಾಯ ತೆರಿಗೆಯವರು, ಪಿ.ಎಫ್.ನವರು, ಸೇವಾ ತೆರಿಗೆಯವರು. ತಮಾಷೆ ಏನೆಂದರೆ ನಾಲ್ವರಿಗೂ ಒಂದೇ ಉತ್ತರ ಕೊಟ್ಟರೆ ಎಲ್ಲೋ ಒಂದು ಕಡೆ ಸಿಕ್ಕಿ ಬೀಳುತ್ತೀರಿ. ಬೇರೆ ಬೇರೆ ಉತ್ತರ ಕೊಟ್ಟರಂತೂ ಎಲ್ಲ ಕಡೆ ಸಿಕ್ಕಿ ಬೀಳುತ್ತೀರಿ :)

ಮೊನ್ನೆ ಹಳೆಯ ಕಡತಗಳನ್ನು ವಿಲೇವಾರಿ ಮಾಡುವಾಗ 2008ರ ಒಂದು ಸುತ್ತೋಲೆಯ ಜೆರಾಕ್ಸ್ ಸಿಕ್ಕಿತು. ಅದನ್ನು ಹಿಡಿದುಕೊಂಡು ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಅದರ ಕಥೆಯನ್ನೇ ಬರೆಯೋಣ ಅನ್ನಿಸಿತು. ಆದರೆ ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪರದೇಶದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಬೆಂಗಳೂರಿಗೆ ಐಟಿ ಜೊತೆ ಬಂದದ್ದು ಅಂತ ಬಹಳ ಜನ ತಿಳಿದಿದ್ದಾರೆ. 1956ರಲ್ಲಿ ಜರ್ಮನಿಯ ಪ್ರಸಿದ್ಧ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ತನ್ನ ತಂಡದೊಂದಿಗೆ ನಮ್ಮ ಎಚ್‌ಎಎಲ್‌ಗೆ ಬಂದಿದ್ದ. ನಮ್ಮ ಮೊದಲ ಜೆಟ್ ಯುದ್ಧವಿಮಾನ ಎಚ್‌ಎಫ್-24 ಮಾರುತ್ ಆ ತಂಡದ ವಿನ್ಯಾಸ. ಆ ಕಾಲದಲ್ಲಿ ದೇಶಕ್ಕೆ ಉಕ್ಕು ಬೇಕಿತ್ತು, ಗೊಬ್ಬರ ಬೇಕಿತ್ತು, ಯಂತ್ರ ಬೇಕಿತ್ತು. ಇದನ್ನೆಲ್ಲ ಮಾಡಲು ಬಲ್ಲವರು ಹೊರಗಿನವರು. ಹಾಗಾಗಿ ಕಾನೂನು ಅವರನ್ನು ಕೈಮುಗಿದು ಕರೆಯುತ್ತಿತ್ತು. 1961ರ ಆದಾಯ ತೆರಿಗೆ ಕಾಯ್ದೆಯ ಹತ್ತನೇ ಸೆಕ್ಷನ್ನಿನಲ್ಲಿ ವಿದೇಶಿ ತಂತ್ರಜ್ಞರಿಗೆಂದೇ ಒಂದು ಕಂಡಿಕೆ ಇತ್ತು. ಸರ್ಕಾರ ಒಪ್ಪಿದ ಕರಾರಿನ ಮೇಲೆ ಬಂದವನ ಸಂಬಳಕ್ಕೆ 36 ತಿಂಗಳು ತೆರಿಗೆಯೇ ಇಲ್ಲ! ಅದು ಮುಗಿದ ಮೇಲೂ ಕಂಪನಿ ಅವನ ಪರವಾಗಿ ತೆರಿಗೆ ಕಟ್ಟಿದರೆ ಇನ್ನೂ 24 ತಿಂಗಳು ಒಂದು ರಿಯಾಯಿತಿ.

ಆ ಎರಡನೇ ರಿಯಾಯಿತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಹೊಸದಾಗಿ ಈ ಕೆಲಸಕ್ಕೆ ಬಂದವರು ಎಡವುವ ಮೊದಲ ಕಲ್ಲು ಅದೇ. ಪರದೇಶದಿಂದ ಬರುವವನು "ನನಗೆ ಕೈಗೆ ನೂರು ರೂಪಾಯಿ ಸಿಗಬೇಕು, ನಿಮ್ಮ ದೇಶದ ತೆರಿಗೆ ನೀವೇ ನೋಡಿಕೊಳ್ಳಿ" ಅನ್ನುತ್ತಾನೆ. ಮ್ಯಾನೇಜರು ಕ್ಯಾಲ್ಕುಲೇಟರ್ ಒತ್ತಿ "ಶೇಕಡಾ 30 ತೆರಿಗೆ, ಅಂದರೆ ನಮಗೆ ಬೀಳುವುದು 130" ಅಂತ ಸಹಿ ಹಾಕಿ ಬಿಡುತ್ತಾನೆ. ತಪ್ಪು. ಅವನ ಪರವಾಗಿ ಕಟ್ಟಿದ ತೆರಿಗೆಯೂ ಅವನ ಆದಾಯವೇ. ಅದರ ಮೇಲೂ ತೆರಿಗೆ, ಆ ತೆರಿಗೆಯ ಮೇಲೆ ಮತ್ತೆ ತೆರಿಗೆ... ಕೊನೆಗೆ ಲೆಕ್ಕ ನಿಲ್ಲುವುದು 142 ರೂಪಾಯಿ 86 ಪೈಸೆಗೆ. ಹಳೆಯ ಕಾನೂನು ಈ ತೆರಿಗೆಯ ಮೇಲಿನ ತೆರಿಗೆಯನ್ನು ತಂತ್ರಜ್ಞರಿಗೆ ಮಾಫಿ ಮಾಡಿತ್ತು. 1993ರ ಮಾರ್ಚ್ ನಂತರ ಬಂದವರಿಗೆ ಅದು ಬೇರೆ ರೂಪದಲ್ಲಿ 48 ತಿಂಗಳು ಸಿಗುತ್ತಿತ್ತು. 2002ರ ಬಜೆಟ್ಟಿನಲ್ಲಿ ಅದನ್ನೂ ತೆಗೆದರು. ದೇಶಕ್ಕೆ ಇನ್ನು ಕೈಮುಗಿಯುವ ಗರಜು ಇರಲಿಲ್ಲ ಅಂತ ಕಾಣುತ್ತದೆ.

ಕೈಮುಗಿಯುವ ಕಾಲದಲ್ಲೂ ಜಗಳ ಇರಲಿಲ್ಲ ಅಂತಲ್ಲ. 1980ರಲ್ಲಿ ಗುಜರಾತ್ ಹೈಕೋರ್ಟಿನ ಮುಂದೆ ಪಿಗ್ನಟೇಲ್ ಎಂಬವರ ಪ್ರಕರಣ ಬಂತು. ವಿದೇಶಿ ಕಂಪನಿಯ ನೌಕರ, ಕೆಲಸ ಮಾಡಿದ್ದು ಭಾರತದಲ್ಲಿ, ಆದರೆ ಸಂಬಳದ ಒಂದು ಭಾಗ ಅವರ ದೇಶದಲ್ಲೇ ಜಮೆಯಾಗುತ್ತಿತ್ತು. ಆ ಭಾಗಕ್ಕೆ ಇಲ್ಲಿ ತೆರಿಗೆ ಉಂಟೋ? ಕಾಯ್ದೆಯಲ್ಲಿ ಇದ್ದ ಪದ 'ಭಾರತದಲ್ಲಿ ಗಳಿಸಿದ' ಸಂಬಳ ಅಂತ. ಕೋರ್ಟು ಹೇಳಿದ್ದು, ಸಂಬಳ ಪಡೆಯುವ ಹಕ್ಕು ಹುಟ್ಟಿದ್ದು ಹೊರದೇಶದಲ್ಲಿ, ಹಾಗಾಗಿ ಅದು ಇಲ್ಲಿ ಗಳಿಸಿದ್ದಲ್ಲ. ಸರ್ಕಾರ ಸುಮ್ಮನಿರಲಿಲ್ಲ. 1983ರ ಹಣಕಾಸು ಕಾಯ್ದೆಯಲ್ಲಿ ಒಂದು ವಿವರಣೆ ಸೇರಿಸಿತು: ಬೆವರು ಎಲ್ಲಿ ಬಿತ್ತೋ ಅಲ್ಲಿಯ ಗಳಿಕೆ, ದುಡ್ಡು ಎಲ್ಲಿ ಕೊಟ್ಟರೂ ಸರಿ. ಅದೂ 1979ರ ಏಪ್ರಿಲ್ 1ರಿಂದಲೇ ಅನ್ವಯ ಆಗುವಂತೆ!

ಇಷ್ಟು ಸ್ಪಷ್ಟವಾಗಿ ಬರೆದ ಮೇಲೆ ಯಾರೂ ಎಡವಬಾರದಿತ್ತು, ಅಲ್ವಾ? ಆದರೆ ಎಡವಿದರು, ಗುಂಪುಗುಂಪಾಗಿ. 90ರ ದಶಕದಲ್ಲಿ ದೇಶ ಬಾಗಿಲು ತೆರೆದ ಮೇಲೆ ಜಂಟಿ ಕಂಪನಿಗಳು ಬಂದವು. ಹೊರಗಿನ ಪಾಲುದಾರ ತನ್ನ ನಾಲ್ಕು ಜನರನ್ನು ಇಲ್ಲಿಗೆ ಕಳಿಸುತ್ತಿದ್ದ. ಇಲ್ಲಿಯ ಕಂಪನಿ ಖರ್ಚಿಗೆ ರೂಪಾಯಿಯಲ್ಲಿ ಒಂದಿಷ್ಟು ಕೊಡುತ್ತಿತ್ತು, ಅದಕ್ಕೆ ಚಾಚೂ ತಪ್ಪದೆ ಟಿ.ಡಿ.ಎಸ್. ಹಿಡಿಯುತ್ತಿತ್ತು. ಊರಿನಲ್ಲಿ ಮನೆ ಸಾಲ, ಮಕ್ಕಳ ಫೀಜು, ಪಿಂಚಣಿ ಇವೆಲ್ಲಕ್ಕೆ ಡಾಲರಿನ ಸಂಬಳ ಅಲ್ಲೇ ಹೋಗುತ್ತಿತ್ತು. ಅದರ ಸುದ್ದಿ ಇಲ್ಲಿಯ ಸಂಬಳದ ವಿಭಾಗಕ್ಕೆ ಗೊತ್ತೇ ಇರುತ್ತಿರಲಿಲ್ಲ, ಅಥವಾ ಗೊತ್ತಿದ್ದೂ 'ನಮಗ್ಯಾಕೆ' ಅಂತಿದ್ದರು. ಎಲಿ ಲಿಲ್ಲಿ ಇಂಡಿಯಾ, ಅಂದರೆ ರ್‍ಯಾನ್‌ಬಾಕ್ಸಿ ಜೊತೆಗೂಡಿ ಹುಟ್ಟಿದ್ದ ಔಷಧಿ ಕಂಪನಿಯ ಪ್ರಕರಣ ಇದೇ. ನಾಲ್ಕು ಜನ ವಿದೇಶಿ ನೌಕರರು. ತೆರಿಗೆಯವರು ಸರ್ವೆಗೆ ಬಂದಾಗ ಊರಿನ ಸಂಬಳದ ವಿಷಯ ಹೊರಬಿತ್ತು. 2009ರ ಮಾರ್ಚ್ 25ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಕೆಲಸ ಇಲ್ಲಿ ಆಗಿದ್ದರೆ, ಹೊರಗೆ ಕೊಟ್ಟ ಸಂಬಳವನ್ನೂ ಸೇರಿಸಿ ಟಿ.ಡಿ.ಎಸ್. ಹಿಡಿಯಬೇಕು. ಆದರೆ ಅಷ್ಟು ವರ್ಷ ಕಾನೂನಿನ ಬಗ್ಗೆ ಪ್ರಾಮಾಣಿಕವಾದ ಗೊಂದಲ ಇತ್ತು ಅಂತ ಒಪ್ಪಿ ದಂಡವನ್ನು ಬಿಟ್ಟಿತು. ಬಡ್ಡಿಯನ್ನು ಬಿಡಲಿಲ್ಲ.

ನಾನು ಕೆಲಸ ಕಲಿತದ್ದು ಈ ತೀರ್ಪಿನ ಹಿಂದೆ ಮುಂದೆ. ನನ್ನ ಮೊದಲ ಪಾಠ, ವೀಸಾಕ್ಕೆ ಕೊಟ್ಟ ಕಾಗದದಲ್ಲಿ ಬರೆದ ಸಂಬಳವೂ ತೆರಿಗೆಗೆ ತೋರಿಸಿದ ಸಂಬಳವೂ ಒಂದೇ ಇರಬೇಕು. ಕೇಳಲು ಬಾಲಬೋಧೆ ಅನ್ನಿಸುತ್ತದೆ. ಆದರೆ ವೀಸಾ ಕಾಗದ ಬರೆಯುವವರು ಒಂದು ಮಹಡಿ, ಸಂಬಳ ಹಾಕುವವರು ಇನ್ನೊಂದು ಮಹಡಿ.

ಹಾಗೆ ನೋಡಿದರೆ ವೀಸಾ ಕಡೆ ಬಹಳ ಕಾಲ ಎಲ್ಲರೂ ನಿರಾಳವಾಗಿದ್ದರು. ಕೆಲಸಕ್ಕೆ ಬರುವವರೂ ಬಿಸಿನೆಸ್ ವೀಸಾದಲ್ಲೇ ಬಂದು ತಿಂಗಳುಗಟ್ಟಲೆ ಇದ್ದು ಹೋಗುತ್ತಿದ್ದರು. 2009ರಲ್ಲಿ ವಿದ್ಯುತ್ ಸ್ಥಾವರ ಮುಂತಾದ ಕಡೆ ಬಿಸಿನೆಸ್ ವೀಸಾದಲ್ಲಿ ಬಂದಿದ್ದ ಚೀನಾದ ಕೆಲಸಗಾರರ ವಿಷಯ ದೊಡ್ಡದಾಯಿತು. ಸರ್ಕಾರ ಒಂದೇ ಏಟಿಗೆ, ಯೋಜನೆಗಳಲ್ಲಿ ಕೆಲಸ ಮಾಡುತ್ತಿರುವ ಬಿಸಿನೆಸ್ ವೀಸಾದವರೆಲ್ಲ ಅಕ್ಟೋಬರ್ 31ರೊಳಗೆ ದೇಶ ಬಿಟ್ಟು ಹೊರಡಿ, ಕೆಲಸದ ವೀಸಾ ಮಾಡಿಸಿಕೊಂಡು ಬನ್ನಿ ಅಂದಿತು. ಗುರಿ ಚೀನಾದವರು, ಬಲೆಗೆ ಬಿದ್ದವರು ಎಲ್ಲರೂ. ಇಲ್ಲಿದ್ದುಕೊಂಡೇ ವೀಸಾ ಬದಲಾಯಿಸುವ ಹಾಗೂ ಇಲ್ಲ. ನಮ್ಮಲ್ಲಿ ಒಬ್ಬ ಬೆಲ್ಜಿಯಂನವನಿದ್ದ, ಪಾಪ, ಎರಡು ತಿಂಗಳ ಕೆಲಸ ಅಂತ ಬಂದವನು ಏಳನೇ ತಿಂಗಳಿನಲ್ಲಿದ್ದ. ಅವನು ತಾಯ್ನಾಡಿಗೆ ಹೋಗಿ, ಅಲ್ಲಿ ಅರ್ಜಿ ಹಾಕಿ, ಚಳಿಗಾಲ ಕಳೆದು ವಾಪಸ್ಸು ಬಂದ. ಅಷ್ಟರಲ್ಲಿ ಅವನು ನೋಡಿಕೊಳ್ಳುತ್ತಿದ್ದ ಪ್ರಾಜೆಕ್ಟೇ ಮುಗಿದಿತ್ತು!

ಹೊಸ ನಿಯಮದಲ್ಲಿ ಸಂಬಳಕ್ಕೊಂದು ನೆಲಗಟ್ಟು ಹಾಕಿದರು, ವರ್ಷಕ್ಕೆ 25,000 ಡಾಲರ್. ಅದಕ್ಕಿಂತ ಕಡಿಮೆ ಸಂಬಳದ ಪರದೇಶದವನಿಗೆ ಕೆಲಸದ ವೀಸಾ ಇಲ್ಲ. ಇಲ್ಲಿಯವರೇ ಮಾಡಬಹುದಾದ ಕೆಲಸಕ್ಕೆ ಹೊರಗಿನವರು ಬೇಡ ಅನ್ನುವುದು ತರ್ಕ. ಆಮೇಲೆ ಅದನ್ನು ರೂಪಾಯಿಗೆ ತಿರುಗಿಸಿ 16.25 ಲಕ್ಷ ಮಾಡಿದರು. ವಿನಾಯಿತಿ ಯಾರಿಗೆ ಗೊತ್ತೇ? ಅವರ ದೇಶದ ಅಡುಗೆ ಮಾಡುವ ಬಾಣಸಿಗರಿಗೆ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರಿಗೆ, ಅನುವಾದಕರಿಗೆ, ರಾಯಭಾರ ಕಚೇರಿಯವರಿಗೆ. ಅಂದರೆ ಸಾಫ್ಟ್‌ವೇರ್ ಟೆಸ್ಟರ್‌ಗೆ ನೆಲಗಟ್ಟು, ಸುಶಿ ಮಾಡುವವನಿಗೆ ಮುಕ್ತ :) ತಮಾಷೆ ಬಿಡಿ, ತರ್ಕ ಸರಿಯಾಗಿಯೇ ಇದೆ. ದೋಸೆ ಹುಯ್ಯಲು ಬಲ್ಲ ಲಕ್ಷ ಜನ ಇರುವ ಊರಿನಲ್ಲಿ ಸುಶಿ ಮಾಡುವವರು ಎಷ್ಟು ಜನ ಸಿಕ್ಕಾರು?

ಇದೇ ಬಿಸಿನೆಸ್ ವೀಸಾದ ಕಥೆ ಆ ಕಡೆಯಿಂದಲೂ ನಡೆಯುತ್ತಿತ್ತು ಅನ್ನುವುದನ್ನು ಹೇಳದಿದ್ದರೆ ಅನ್ಯಾಯ ಆಗುತ್ತದೆ. ಅಮೆರಿಕಕ್ಕೆ ಬಿ-1 ವೀಸಾದಲ್ಲಿ ಜನರನ್ನು ಕಳಿಸಿ ಎಚ್-1ಬಿಯವರ ಕೆಲಸ ಮಾಡಿಸಿದರು ಅನ್ನುವುದು ನಮ್ಮ ಇನ್ಫೋಸಿಸ್ ಮೇಲೆ ಅಲ್ಲಿಯ ಸರ್ಕಾರ ಹೊರಿಸಿದ ಆರೋಪ. ಕಂಪನಿ ವೀಸಾ ವಂಚನೆಯನ್ನು ಒಪ್ಪಲಿಲ್ಲ, ನೌಕರರ ದಾಖಲೆ ಪತ್ರ ತುಂಬುವುದರಲ್ಲಿ ಆದ ತಪ್ಪುಗಳನ್ನು ಮಾತ್ರ ಒಪ್ಪಿಕೊಂಡಿತು. 2013ರ ಅಕ್ಟೋಬರಿನಲ್ಲಿ 3.4 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನಾವು ಚೀನಾದವರಿಗೆ ಹೇಳಿದ್ದನ್ನೇ ಅವರು ನಮಗೆ ಹೇಳಿದ್ದರು.

ಈಗ ಆ ಜೆರಾಕ್ಸಿಗೆ ಬರೋಣ. 2008ರ ಅಕ್ಟೋಬರ್ 1, ದೀಪಾವಳಿಗೆ ಇನ್ನೂ ನಾಲ್ಕು ವಾರ. ಪಿ.ಎಫ್. ಯೋಜನೆಗೆ 83 ಎಂಬ ಹೊಸ ಪ್ಯಾರಾ, ಪಿಂಚಣಿ ಯೋಜನೆಗೆ 43ಎ ಎಂಬ ಹೊಸ ಪ್ಯಾರಾ ಸೇರಿಸಿ ಅಧಿಸೂಚನೆ ಹೊರಟಿತು. 'ಇಂಟರ್‌ನ್ಯಾಷನಲ್ ವರ್ಕರ್' ಎಂಬ ಹೊಸ ಪ್ರಾಣಿ ಹುಟ್ಟಿತು. ಭಾರತದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ವಿದೇಶಿಯನೂ ಇನ್ನು ಪಿ.ಎಫ್. ಸದಸ್ಯ.

ಇದು ಯಾಕೆ ಬಂತು ಅನ್ನುವುದಕ್ಕೆ ನಮ್ಮ ಮನೆಯಿಂದಲೇ ಉದಾಹರಣೆ ಕೊಡುತ್ತೇನೆ. ನನ್ನ ಭಾವ 2001ರಿಂದ 2007ರವರೆಗೆ ಎಚ್-1ಬಿಯಲ್ಲಿ ಅಮೆರಿಕದಲ್ಲಿದ್ದ. ಅಲ್ಲಿ ಸೋಷಿಯಲ್ ಸೆಕ್ಯುರಿಟಿ ಅಂತ ಸಂಬಳದ ಶೇಕಡಾ 6.2 ಹಿಡಿಯುತ್ತಾರೆ, ಮೆಡಿಕೇರ್ ಅಂತ ಇನ್ನು 1.45. ಕಂಪನಿಯೂ ಅಷ್ಟೇ ಕಟ್ಟಬೇಕು. ವರ್ಷಕ್ಕೆ 80,000 ಡಾಲರ್ ಸಂಬಳ ಅಂತ ಇಟ್ಟುಕೊಂಡರೆ ಸೋಷಿಯಲ್ ಸೆಕ್ಯುರಿಟಿಗೇ ವರ್ಷಕ್ಕೆ 4,960, ಆರು ವರ್ಷಕ್ಕೆ 30,000ದ ಹತ್ತಿರ. ಇದರಿಂದ ವೃದ್ಧಾಪ್ಯದಲ್ಲಿ ಪಿಂಚಣಿ ಬರಬೇಕಾದರೆ 40 ಕ್ರೆಡಿಟ್ ಬೇಕು, ಅಂದರೆ ಹತ್ತು ವರ್ಷದ ಕೆಲಸ. ಎಚ್-1ಬಿ ಕೊಡುವುದು ಮೂರು ಮತ್ತೆ ಮೂರು, ಆರು ವರ್ಷಕ್ಕೆ. ಗ್ರೀನ್ ಕಾರ್ಡಿನ ಸರದಿಗೆ ನಿಂತವರಿಗೆ ಮಾತ್ರ ಮುಂದುವರಿಕೆ. ಆರು ವರ್ಷ ಇರಲು ಬಿಡುತ್ತೇವೆ, ಹತ್ತು ವರ್ಷ ಇದ್ದವರಿಗೆ ಕೊಡುತ್ತೇವೆ! ಭಾವನಿಗೆ ಅಪ್ಪನ ಆರೋಗ್ಯ ಕೆಟ್ಟು ವಾಪಸ್ಸು ಬರಬೇಕಾಯಿತು. ಆ ದುಡ್ಡು ಅಲ್ಲೇ ಉಳಿಯಿತು. ಇದನ್ನು ಓದುತ್ತಿರುವ ಬ್ಲಾಗಿಗ ಮಿತ್ರರಲ್ಲಿ ಎಷ್ಟು ಜನ ಹೀಗೆ ಬಿಟ್ಟು ಬಂದಿದ್ದೀರೋ.

ಇದಕ್ಕೆ ಔಷಧಿ ಎಂದರೆ ಎರಡು ದೇಶಗಳ ನಡುವೆ ಸಾಮಾಜಿಕ ಭದ್ರತಾ ಒಪ್ಪಂದ. ನಿನ್ನವನು ನಿನ್ನಲ್ಲೇ ಕಟ್ಟಲಿ, ನನ್ನವನು ನನ್ನಲ್ಲೇ ಕಟ್ಟಲಿ, ಎರಡೂ ಕಡೆ ದುಡಿದ ವರ್ಷಗಳನ್ನು ಕೂಡಿಸಿ ಲೆಕ್ಕ ಹಿಡಿಯೋಣ. ಭಾರತ ಮೊದಲು ಸಹಿ ಹಾಕಿದ್ದು ಬೆಲ್ಜಿಯಂ ಜೊತೆ, 2006ರಲ್ಲಿ. ಅದು ಜಾರಿಗೆ ಬಂದದ್ದು 2009ರ ಸೆಪ್ಟೆಂಬರ್ 1ಕ್ಕೆ. ಆಮೇಲೆ ಜರ್ಮನಿ, ಸ್ವಿಟ್ಜರ್‌ಲೆಂಡ್, ಫ್ರಾನ್ಸ್, ಕೊರಿಯಾ, ನೆದರ್‌ಲೆಂಡ್ಸ್, 2016ರಲ್ಲಿ ಜಪಾನ್. ನಮ್ಮವರು ಅತಿ ಹೆಚ್ಚು ದುಡ್ಡು ಬಿಟ್ಟು ಬರುವ ಅಮೆರಿಕ ಮಾತ್ರ ಒಪ್ಪಲಿಲ್ಲ. ಅವರಿಗೆ ಏನು ಗರಜು? ಅಮೆರಿಕದವರು ಇಲ್ಲಿ ಬಂದು ಕಟ್ಟುತ್ತಿದ್ದದ್ದು ಸೊನ್ನೆ, ಕಳೆದುಕೊಳ್ಳುತ್ತಿದ್ದದ್ದೂ ಸೊನ್ನೆ. ಚೌಕಾಸಿಗೆ ಕೂರಬೇಕಾದರೆ ನಮ್ಮ ಕೈಯಲ್ಲೂ ಏನಾದರೂ ಇರಬೇಕಲ್ಲ. 83ನೇ ಪ್ಯಾರಾ ಹುಟ್ಟಿದ್ದು ಹೀಗೆ ಅಂತ ನನ್ನ ತಿಳುವಳಿಕೆ. ನಮ್ಮವರ ದುಡ್ಡು ನೀವು ಹಿಡಿದಿಟ್ಟಿದ್ದೀರಿ, ನಿಮ್ಮವರ ದುಡ್ಡು ನಾವು ಹಿಡಿದಿಡುತ್ತೇವೆ.

ಹಿಡಿದಿಟ್ಟದ್ದು ಎಷ್ಟು ನೋಡಿ. ಆಗ ಭಾರತೀಯ ನೌಕರನಿಗೆ ಕಡ್ಡಾಯ ಪಿ.ಎಫ್. ಲೆಕ್ಕ 6,500 ರೂಪಾಯಿಯ ಮಿತಿಗೆ ನಿಲ್ಲುತ್ತಿತ್ತು, ಅಂದರೆ ತಿಂಗಳಿಗೆ 780. (2014ರಲ್ಲಿ ಮಿತಿ 15,000 ಆಯಿತು.) ವಿದೇಶಿಯನಿಗೆ ಮಿತಿಯೇ ಇಲ್ಲ. ಪೂರ್ತಿ ಸಂಬಳದ ಮೇಲೆ ಶೇಕಡಾ 12 ಅವನದು, 12 ಕಂಪನಿಯದು. ನಮ್ಮಲ್ಲಿ 2009ರಲ್ಲಿ ಸೇರಿದ ಅಮೆರಿಕದವನೊಬ್ಬನಿದ್ದ, ಆಗ ಅವನಿಗೆ 35. ಸಂಬಳ ವರ್ಷಕ್ಕೆ 60 ಲಕ್ಷದ ಸುಮಾರು. ಅವನ ಕೈಯಿಂದ ವರ್ಷಕ್ಕೆ 7.2 ಲಕ್ಷ, ಕಂಪನಿಯಿಂದ ಮತ್ತೊಂದು 7.2 ಲಕ್ಷ. ಪಕ್ಕದ ಮೇಜಿನ ನಮ್ಮ ಹುಡುಗನ ಕಡ್ಡಾಯ ಪಾಲು ವರ್ಷಕ್ಕೆ 9,360 ರೂಪಾಯಿ. ಮೊದಲ ಎರಡು ವರ್ಷ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕೆಲಸ ಬಿಟ್ಟು ಎರಡು ತಿಂಗಳಾದರೆ ಎಲ್ಲರ ಹಾಗೆ ತೆಗೆದುಕೊಂಡು ಹೋಗಬಹುದಲ್ಲ ಅಂತ. 2010ರ ಸೆಪ್ಟೆಂಬರಿನಲ್ಲಿ ಅದನ್ನೂ ಮುಚ್ಚಿದರು. ಒಪ್ಪಂದ ಇರುವ ದೇಶದವರಿಗೆ ಒಪ್ಪಂದದಂತೆ. ಉಳಿದವರಿಗೆ ನಿವೃತ್ತಿಯಾಗಿ 58 ವರ್ಷ ತುಂಬಿದ ಮೇಲೆ, ಇಲ್ಲವೇ ಕೆಲಸ ಮಾಡಲಾಗದಂತೆ ಮೈ ಕೆಟ್ಟರೆ. ಜೊತೆಗೆ, ಸಂಬಳದ ಒಂದು ಭಾಗವನ್ನು ಹೊರದೇಶದಲ್ಲಿ ಕೊಟ್ಟರೂ ಅದನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಆಗಿನ ನಮ್ಮ ಆಫೀಸಿನ ಕ್ಯಾಬಿನಲ್ಲಿ ದಿನಾ ಒಟ್ಟಿಗೆ ಬರುತ್ತಿದ್ದವರು ಆ ಬೆಲ್ಜಿಯಂನವನು ಮತ್ತು ಈ ಅಮೆರಿಕದವನು. ಬೆಲ್ಜಿಯಂನವನು ತನ್ನ ಊರಿನಿಂದ ಒಂದು ಹಾಳೆಯ ಪ್ರಮಾಣಪತ್ರ ತಂದಿದ್ದ, ತಾನು ಅಲ್ಲೇ ಕಟ್ಟುತ್ತಿದ್ದೇನೆ ಅಂತ. ಅವರ ಒಪ್ಪಂದದಲ್ಲಿ 60 ತಿಂಗಳವರೆಗೆ ಅದು ನಡೆಯುತ್ತದೆ. ಇಲ್ಲಿ ಅವನಿಗೆ ಒಂದು ಪೈಸೆ ಪಿ.ಎಫ್. ಇಲ್ಲ. ಒಂದೇ ಕ್ಯಾಬು, ಒಂದೇ ಕೆಲಸ, ಹೆಚ್ಚು ಕಡಿಮೆ ಒಂದೇ ಸಂಬಳ. ಒಬ್ಬನ ಕೈಗೆ ಇನ್ನೊಬ್ಬನಿಗಿಂತ ತಿಂಗಳಿಗೆ 60,000 ಹೆಚ್ಚು ಬರುತ್ತಿತ್ತು.

ಅಮೆರಿಕದವನು 2012ರಲ್ಲಿ ಹೊರಟ. ಹೊರಡುವ ವಾರ ನನ್ನ ಮೇಜಿಗೆ ಬಂದು, ಬಹಳ ಸೌಜನ್ಯದಿಂದಲೇ, ಪಿ.ಎಫ್. ಯಾವಾಗ ಬರುತ್ತದೆ ಅಂತ ಕೇಳಿದ. ನಿನಗೆ 58 ಆದಾಗ ಅಂದೆ. ನಕ್ಕ, ನಾನು ಜೋಕು ಮಾಡುತ್ತಿದ್ದೇನೆ ಅಂದುಕೊಂಡ. ನಾನು ನಗಲಿಲ್ಲ. ಆಗ ಲೆಕ್ಕ ಹಾಕಿ "ಇಪ್ಪತ್ತು ವರ್ಷ?" ಅಂದ. ಕಂಪನಿಯ 12ರಲ್ಲಿ 8.33 ಹೋಗುವುದು ಪಿಂಚಣಿ ನಿಧಿಗೆ. ವರ್ಷಕ್ಕೆ 5 ಲಕ್ಷದ ಹತ್ತಿರ. ಅದರಿಂದ ಪಿಂಚಣಿ ಬರಬೇಕಾದರೆ ಎಷ್ಟು ವರ್ಷದ ಸೇವೆ ಬೇಕು ಅಂತ ಕೇಳಿದ. ಹತ್ತು ವರ್ಷ ಅಂದೆ. ಹೇಳುವಾಗ ಭಾವನ ಮುಖ ನೆನಪಾಯಿತು. ಭಾವನಿಗೆ ಅವರು ಹೇಳಿದ್ದೂ ಹತ್ತೇ ವರ್ಷ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿ ಎರಡು ಮನೆಯ ಎರಡು ಕೂಸು ಬಡವಾಗಿದ್ದವು. ಜಗಳ ಮಾತ್ರ ಮುಗಿದಿರಲಿಲ್ಲ.

ತಪ್ಪು ನಮ್ಮದೂ ಇತ್ತು. ಸೇರುವಾಗಲೇ ಅವನಿಗೆ ಇದನ್ನು ಯಾರೂ ಕೂರಿಸಿ ಹೇಳಿರಲಿಲ್ಲ. ಆಫರ್ ಲೆಟರ್ ಬರೆದವರಿಗೆ 12 ಅಂದರೆ 780 ರೂಪಾಯಿ ಅನ್ನುವ ಅಭ್ಯಾಸ. 2010ರ ತಿದ್ದುಪಡಿ ಬಂದಾಗ ನಾನೇ ಒಂದು ಇಮೇಲ್ ಕಳಿಸಿದ್ದೆ, ಆದರೆ ಸುತ್ತೋಲೆಯನ್ನು ಲಗತ್ತಿಸಿ 'ಗಮನಿಸಿ' ಅಂತ ಒಂದು ಸಾಲು. ಯಾರು ಓದುತ್ತಾರೆ? ಅಲ್ಲಿಂದ ಮುಂದೆ ಬಂದವರಿಗೆಲ್ಲ ಮೊದಲ ದಿನವೇ ಕಾಫಿ ಕುಡಿಸಿ ಬಾಯಲ್ಲಿ ಹೇಳುವುದನ್ನು ರೂಢಿ ಮಾಡಿಕೊಂಡೆ. ಹೊರಡುವಾಗ ಕಂಪನಿ ಆದಾಯ ತೆರಿಗೆಯವರಿಗೆ ಕೊಡಬೇಕಾದ 30ಎ ಎಂಬ ಮುಚ್ಚಳಿಕೆ ನಮೂನೆಯೂ ಹಾಗೆಯೇ. 2003ರಿಂದ ಇತ್ತು. ಎಷ್ಟೋ ಕಂಪನಿಗಳಲ್ಲಿ ಅದರ ಹೆಸರು ಕೇಳಿದವರೇ ಇರಲಿಲ್ಲ.

ಸರಿ, ಇಲ್ಲಿಯವರೆಗೆ ತೆರಿಗೆಯವರೂ, ವೀಸಾದವರೂ, ಪಿ.ಎಫ್.ನವರೂ ಹೇಳಿದ್ದು ಒಂದೇ ಮಾತು: ಇವನು ಇಲ್ಲಿಯ ಆಳು, ಇಲ್ಲಿಯ ಕಂಪನಿಯೇ ಜವಾಬ್ದಾರಿ. ಹಾಗಾದರೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ಇದೇ ಹೊತ್ತಿಗೆ ಬೇರೆ ಕೋಣೆಯಲ್ಲಿ ಬೇರೆ ಉತ್ತರ ತಯಾರಾಗುತ್ತಿತ್ತು. 2007ರ ಜುಲೈನಲ್ಲಿ ಮಾರ್ಗನ್ ಸ್ಟ್ಯಾನ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎರಡು ಬಗೆಯ ಜನರನ್ನು ಬೇರೆ ಮಾಡಿತು. ಉಸ್ತುವಾರಿ ನೋಡಲು ಬಂದು ಹೋಗುವವರಿಂದ ತೊಂದರೆ ಇಲ್ಲ. ಆದರೆ ಇಲ್ಲಿಗೆ ನಿಯೋಜನೆಯಾಗಿ ಬಂದು ಕೂತು ಕೆಲಸ ಮಾಡುವವರ ಮೂಲ ನೌಕರಿಯ ಹಕ್ಕು ಅಮೆರಿಕದ ಕಂಪನಿಯಲ್ಲೇ ಉಳಿದಿದ್ದರೆ, ಅವರ ಮೂಲಕ ಆ ಕಂಪನಿಗೇ ಭಾರತದಲ್ಲಿ ಒಂದು ಕಾಯಂ ನೆಲೆ ಇದ್ದಂತೆ ಅಂದಿತು. ಅಂದರೆ ಅವರು ಅಲ್ಲಿಯ ಆಳು. ಕಾಯಂ ನೆಲೆ ಅಂದ ಮೇಲೆ ಹೊರಗಿನ ಕಂಪನಿಯ ಲಾಭದ ಒಂದು ಪಾಲಿಗೆ ಇಲ್ಲಿ ತೆರಿಗೆ ಕೇಳುವ ದಾರಿ ತೆರೆಯಿತು.

ಕಂಪನಿಗಳು ಇದರಿಂದ ತಪ್ಪಿಸಿಕೊಳ್ಳಲು ಏನು ಮಾಡಿದವು ಅಂದರೆ, ಬಂದವನು ಪೂರ್ತಿ ಇಲ್ಲಿಯ ನೌಕರನೇ ಅಂತ ಕರಾರು ಬರೆದವು. ಊರಿನಲ್ಲಿ ಅವನ ಕುಟುಂಬಕ್ಕೆ ಕೊಡುವ ಡಾಲರ್ ಸಂಬಳವನ್ನು ಅನುಕೂಲಕ್ಕೆ ಅಲ್ಲಿಯ ಕಂಪನಿ ಕೊಡುತ್ತದೆ, ಆಮೇಲೆ ಒಂದು ಡೆಬಿಟ್ ನೋಟ್ ಕಳಿಸಿ ಅಷ್ಟನ್ನೂ ಇಲ್ಲಿಯ ಕಂಪನಿಯಿಂದ ವಸೂಲು ಮಾಡಿಕೊಳ್ಳುತ್ತದೆ. ಒಂದು ಹಾಳೆಯ ಡೆಬಿಟ್ ನೋಟ್. ಅದರ ಮೇಲೆ ನಡೆದಷ್ಟು ಕಾಳಗ ಬೇರೆ ಯಾವ ಕಾಗದದ ಮೇಲೂ ನಡೆದಿಲ್ಲವೇನೋ. ಇದು ಬರೀ ಸಂಬಳದ ಮರುಪಾವತಿ ಅಂತ ಕಂಪನಿ. ಅಲ್ಲ, ಹೊರಗಿನವರು ಕೊಟ್ಟ ತಾಂತ್ರಿಕ ಸೇವೆಗೆ ಶುಲ್ಕ ಅಂತ ಆದಾಯ ತೆರಿಗೆಯವರು. ಅಲ್ಲವೇ ಅಲ್ಲ, ಆಳುಗಳನ್ನು ಒದಗಿಸಿದ್ದಕ್ಕೆ ಬಿಲ್ಲು ಅಂತ ಸೇವಾ ತೆರಿಗೆಯವರು. ಸಣ್ಣ ಅವಧಿಗೆ ಬಂದವರಿಗೆ ಇನ್ನೊಂದು ಗುಂಡಿ: 183 ದಿನದೊಳಗೆ ಬಂದು ಹೋದರೆ ತೆರಿಗೆ ಇಲ್ಲ ಅಂತ ಒಪ್ಪಂದಗಳಲ್ಲಿ ಇರುತ್ತದೆ. ಅದನ್ನು ಅರ್ಧ ಓದಿ ಮೋಸ ಹೋದವರು ಬಹಳ. ಆ ಸಂಬಳದ ಹೊರೆ ಇಲ್ಲಿಯ ಕಂಪನಿಯ ಮೇಲೆ ಬೀಳಬಾರದು ಅಂತಲೂ ಅದೇ ವಾಕ್ಯದಲ್ಲಿ ಇರುತ್ತದೆ. ಡೆಬಿಟ್ ನೋಟ್ ಕಳಿಸಿದ ದಿನ ಆ ವಿನಾಯಿತಿ ಹೋಯಿತು.

ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಈ ಎಳೆದಾಟ ತುದಿ ಮುಟ್ಟಿದ್ದು 2022ರಲ್ಲಿ, ಬೆಂಗಳೂರಿನ ಎರಡು ಕಂಪನಿಗಳ ಪ್ರಕರಣದಲ್ಲಿ. ಮೊದಲನೆಯದು ನಾರ್ದರ್ನ್ ಆಪರೇಟಿಂಗ್ ಸಿಸ್ಟಮ್ಸ್. ಇಲ್ಲಿಯ ಸೇವಾ ತೆರಿಗೆ ನ್ಯಾಯಮಂಡಳಿಯಲ್ಲಿ ಕಂಪನಿ ಗೆದ್ದಿತ್ತು. ಮೇ 19ರಂದು ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಕಾಗದದಲ್ಲಿ ಏನು ಬರೆದಿದ್ದರೂ ಒಟ್ಟು ವ್ಯವಸ್ಥೆ ನೋಡಿದರೆ ಈ ನೌಕರರು ಹೊರಗಿನ ಕಂಪನಿಯವರೇ, ಸ್ವಲ್ಪ ಕಾಲ ಇಲ್ಲಿಗೆ ಒದಗಿಸಲ್ಪಟ್ಟವರು, ಇದು ಆಳು ಪೂರೈಕೆಯ ಸೇವೆ, ತೆರಿಗೆ ಕಟ್ಟಬೇಕು ಅಂದಿತು. ಇಲಾಖೆ ಹಳೆಯ ವರ್ಷಗಳಿಗೆಲ್ಲ ಹಿಂದಕ್ಕೆ ಕೈ ಚಾಚುವುದಕ್ಕೆ ಮಾತ್ರ ಬಿಡಲಿಲ್ಲ. ಎರಡನೆಯದು ಫ್ಲಿಪ್‌ಕಾರ್ಟ್. ವಾಲ್‌ಮಾರ್ಟ್‌ನಿಂದ ಬಂದಿದ್ದ ನೌಕರರ ಸಂಬಳದ ಮರುಪಾವತಿಗೆ ತೆರಿಗೆ ಹಿಡಿಯಬೇಕೇ ಅನ್ನುವ ಪ್ರಶ್ನೆ. ಜೂನ್ 24ರಂದು, ಅಂದರೆ ಐದು ವಾರ ಕಳೆಯುತ್ತಿದ್ದಂತೆ, ನಮ್ಮ ಕರ್ನಾಟಕ ಹೈಕೋರ್ಟು ಹೇಳಿದ್ದು, ಇವರು ಫ್ಲಿಪ್‌ಕಾರ್ಟಿನ ನೌಕರರೇ, ವಾಪಸ್ಸು ಕರೆಸಿಕೊಳ್ಳುವ ಹಕ್ಕು ಅವರಿಗಿದೆ ಅಂದ ಮಾತ್ರಕ್ಕೆ ಇದು ತಾಂತ್ರಿಕ ಸೇವೆ ಆಗುವುದಿಲ್ಲ, ಸೇವಾ ತೆರಿಗೆಯ ಆ ತೀರ್ಪು ಬೇರೆ ಸಂದರ್ಭದ್ದು.

ವಕೀಲರನ್ನು ಕೇಳಿದರೆ ಎರಡರಲ್ಲೂ ವಿರೋಧ ಇಲ್ಲ, ಎರಡು ಕಾಯ್ದೆ, ಎರಡು ಪ್ರಶ್ನೆ ಅನ್ನುತ್ತಾರೆ. ಇರಬಹುದು. ಆದರೆ ಸಂಬಳದ ಪಟ್ಟಿಯಲ್ಲಿ ಆ ಮನುಷ್ಯನ ಹೆಸರು ಒಂದೇ ಸಲ ಇರುವುದು. ಮೊದಲ ತೀರ್ಪು ಹಿಡಿದುಕೊಂಡು 2023ರಲ್ಲಿ ಶೇಕಡಾ 18 ಜಿ.ಎಸ್.ಟಿ. ಕೇಳುವ ನೋಟೀಸುಗಳು ಎಷ್ಟೋ ಕಂಪನಿಗಳಿಗೆ ಹೋದವು. ಕೊನೆಗೆ ಡಿಸೆಂಬರ್ 13ರಂದು ಪರೋಕ್ಷ ತೆರಿಗೆ ಮಂಡಳಿಯೇ ತನ್ನ ಅಧಿಕಾರಿಗಳಿಗೆ, ಪ್ರತಿ ಕರಾರನ್ನೂ ಓದಿ ನೋಡಿ, ಆ ತೀರ್ಪನ್ನು ಯಾಂತ್ರಿಕವಾಗಿ ಎಲ್ಲರ ಮೇಲೂ ಹಾಕಬೇಡಿ ಅಂತ ಬರೆಯಬೇಕಾಯಿತು.

ಪಿ.ಎಫ್. ಕಥೆಗೂ ಬೆಂಗಳೂರಿನಲ್ಲೇ ಒಂದು ತಿರುವು ಸಿಕ್ಕಿತು. ಇಲ್ಲಿ ಅಂತರರಾಷ್ಟ್ರೀಯ ಶಾಲೆ ನಡೆಸುವ ಸ್ಟೋನ್ ಹಿಲ್ ಎಜುಕೇಷನ್ ಫೌಂಡೇಶನ್ ಮತ್ತು ಇನ್ನೂ ಕೆಲವರು 83ನೇ ಪ್ಯಾರಾವನ್ನೇ ಪ್ರಶ್ನಿಸಿದ್ದರು. ಶಾಲೆ ಅಂದರೆ ನೋಡಿ, ಕೋಟಿ ಸಂಬಳದ ಸಿಇಒಗಳ ಮಾತಲ್ಲ, ವಿದೇಶದಿಂದ ಬಂದು ಪಾಠ ಹೇಳುವ ಮೇಷ್ಟ್ರುಗಳದ್ದು. 2024ರ ಏಪ್ರಿಲ್ 25ರಂದು ನ್ಯಾಯಮೂರ್ತಿ ಕೆ.ಎಸ್. ಹೇಮಲೇಖಾ ಅವರು 83ನೇ ಪ್ಯಾರಾ ಮತ್ತು 43ಎ ಎರಡನ್ನೂ ಸಮಾನತೆಯ ಹಕ್ಕಿಗೆ ವಿರುದ್ಧ ಅಂತ ರದ್ದು ಮಾಡಿದರು. ಅವರ ತರ್ಕ ಸರಳವಾಗಿತ್ತು. ಪಿ.ಎಫ್. ಕಾಯ್ದೆ ಇರುವುದೇ ಕಡಿಮೆ ಸಂಬಳದವರ ಮುಪ್ಪಿನ ಭದ್ರತೆಗೆ. ಒಪ್ಪಂದ ಇಲ್ಲದ ದೇಶಕ್ಕೆ ಹೋಗುವ ಭಾರತೀಯ ಇಲ್ಲಿ 15,000ದ ಮಿತಿಯಲ್ಲೇ ಕಟ್ಟುತ್ತಾನೆ, ಅದೇ ಒಪ್ಪಂದ ಇಲ್ಲದ ದೇಶದಿಂದ ಬರುವವನು ಪೂರ್ತಿ ಸಂಬಳಕ್ಕೆ ಕಟ್ಟಬೇಕು ಅನ್ನುವುದಕ್ಕೆ ಆಧಾರವಿಲ್ಲ.

ಆ ಸಂಜೆ ಹದಿನಾರು ವರ್ಷದ ಹಿಂದಿನ ಸುತ್ತೋಲೆ ಬಿದ್ದುಹೋಯಿತು ಅಂತ ನಾನು ನಿಜಕ್ಕೂ ಖುಷಿಪಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಭಾವನಿಗೆ ಫೋನ್ ಮಾಡಿದೆ. ಅವನು ಕೇಳಿದ್ದು ಒಂದೇ ಮಾತು, "ಮತ್ತೆ ನಮ್ಮದು?" ಅವನದಕ್ಕೆ ಉತ್ತರ ಇರಲಿಲ್ಲ. ಅಮೆರಿಕದ ಜೊತೆ ಒಪ್ಪಂದ ಇಲ್ಲ, ಇಷ್ಟು ವರ್ಷ ಹಿಡಿದಿಟ್ಟ ಒತ್ತೆಯಿಂದ ಚೌಕಾಸಿ ಕುದುರಲೂ ಇಲ್ಲ. ಕೋರ್ಟಿನಲ್ಲೂ ಮಾತು ಮುಗಿದಂತೆ ಆಗಲಿಲ್ಲ. 2025ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟು ಸ್ಪೈಸ್‌ಜೆಟ್ ಮುಂತಾದವರ ಪ್ರಕರಣದಲ್ಲಿ ಅದೇ ನಿಯಮ ಸರಿಯಾಗಿದೆ ಅಂದಿತು. ಬೆಂಗಳೂರಿನಲ್ಲಿ ಬಿದ್ದ ಪ್ಯಾರಾ ದೆಹಲಿಯಲ್ಲಿ ಎದ್ದು ಕೂತಿತು!

ಆ ಅಮೆರಿಕದ ಗೆಳೆಯನಿಗೆ ಎರಡೂ ತೀರ್ಪಿನ ಸುದ್ದಿ ಬರೆದೆ. ಮೊದಲನೆಯದಕ್ಕೆ ಉದ್ದದ ಉತ್ತರ ಬಂದಿತ್ತು, ಮಗಳ ಕಾಲೇಜು ಫೀಜಿನ ಲೆಕ್ಕದ ಸಮೇತ. ಎರಡನೆಯದಕ್ಕೆ ಬಂದದ್ದು ಒಂದೇ ಸಾಲು, ತನ್ನ ಪಿ.ಎಫ್. ನಂಬರನ್ನು ಇನ್ನೊಮ್ಮೆ ಕಳಿಸಬಹುದಾ, ಹಳೆಯ ಇಮೇಲ್ ಸಿಗುತ್ತಿಲ್ಲ ಅಂತ. ಕಡತದಿಂದ ತೆಗೆದು ಕಳಿಸಿದೆ. ಅವನಿಗೆ 58 ತುಂಬುವುದು 2032ರಲ್ಲಿ. ಆ ಕಡತದ ಮೇಲೆ 'ವಿಲೇವಾರಿ ಬೇಡ' ಅಂತ ಚೀಟಿ ಅಂಟಿಸಿ, ವರ್ಷವನ್ನೂ ಬರೆದು, ಕಪಾಟಿನ ಮೇಲಿನ ಅರೆಗೆ ಸೇರಿಸಿದ್ದೇನೆ. ಅಷ್ಟರಲ್ಲಿ ನಾನು ನಿವೃತ್ತನಾಗಿರುತ್ತೇನೆ.